ಮತ ಹಾಕಿದ ಮೇಲೂ ಮುಗಿಯದ ಮಾತು: ನಾಗರಿಕ ಸಂವಾದದ ಬಗ್ಗೆ ಕರಾವಳಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚೀಟಿ ಎತ್ತಿ ಆರಿಸಿದ ಸಾಮಾನ್ಯ ನಾಗರಿಕರು ಊರಿನ ಒಂದು ಪ್ರಶ್ನೆಯ ಬಗ್ಗೆ ಕೂಡಿ ಕುಳಿತು, ತಿಳಿದುಕೊಂಡು, ಮಾತನಾಡಿ, ಪಂಚಾಯತ್ ಅಥವಾ ಪಾಲಿಕೆಗೆ ಶಿಫಾರಸು ಕೊಡುವ ಕ್ರಮವೇ ನಾಗರಿಕ ಸಂವಾದ. ಮಂಗಳೂರು ಮತ್ತು ಉಡುಪಿಯ ಆಸುಪಾಸಿನಲ್ಲಿ ಇದರ ಮಾತು ತೆಗೆದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಕೇಳುವವರಲ್ಲಿ ಪಂಚಾಯತ್ ಸದಸ್ಯರಿದ್ದಾರೆ, ಕಾಲೇಜು ವಿದ್ಯಾರ್ಥಿಗಳಿದ್ದಾರೆ, ಗ್ರಾಮ ಸಭೆಗೆ ಹೋಗಿ ಬೇಸತ್ತು ಬಂದವರೂ ಇದ್ದಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಒಟ್ಟಾಗಿ ಉತ್ತರಿಸಲಾಗಿದೆ.

ಐದು ವರ್ಷಕ್ಕೊಮ್ಮೆ ಮತ ಹಾಕುತ್ತೇವೆ, ಪ್ರತಿನಿಧಿಗಳನ್ನು ಆರಿಸುತ್ತೇವೆ. ಅದರ ಮೇಲೆ ಈ ಸಂವಾದ ಏಕೆ ಬೇಕು?

ಮತದಾನವು ಯಾರು ಆಡಳಿತ ನಡೆಸಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರು ಬೇಸಿಗೆಯಲ್ಲಿ ಇಳಿಯತೊಡಗಿದಾಗ ಮನೆ, ಆಸ್ಪತ್ರೆ, ಕೈಗಾರಿಕೆಗಳ ನಡುವೆ ಅದನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗೆ ಮತಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಒಂದು ಮತದಲ್ಲಿ ಪಕ್ಷ, ಅಭ್ಯರ್ಥಿ, ಜಾತಿ, ರಾಜ್ಯದ ರಾಜಕೀಯ, ದೇಶದ ರಾಜಕೀಯ ಎಲ್ಲವೂ ಬೆರೆತಿರುತ್ತವೆ. ಅದರೊಳಗಿಂದ ನಮ್ಮ ವಾರ್ಡಿನ ರಾಜಕಾಲುವೆಯ ಬಗ್ಗೆ ಜನರ ಅಭಿಪ್ರಾಯವೇನು ಎಂಬುದನ್ನು ಬೇರ್ಪಡಿಸಿ ತೆಗೆಯಲು ಯಾವ ಪ್ರತಿನಿಧಿಗೂ ಸಾಧ್ಯವಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಮತದಾನವು ಈಗಾಗಲೇ ಇರುವ ಅಭಿಪ್ರಾಯಗಳನ್ನು ಎಣಿಸುತ್ತದೆ. ಸಂವಾದವಾದರೋ, ಅಭಿಪ್ರಾಯ ರೂಪುಗೊಳ್ಳುವ ಹಂತದಲ್ಲೇ ಕೆಲಸ ಮಾಡುತ್ತದೆ: ತನಗೆ ಗೊತ್ತಿಲ್ಲದ್ದನ್ನು ಒಬ್ಬರು ಇನ್ನೊಬ್ಬರಿಂದ ತಿಳಿದುಕೊಂಡು, ತನ್ನ ನಿಲುವನ್ನು ಮತ್ತೊಮ್ಮೆ ತೂಗಿ ನೋಡಿ, ಬೇಕಿದ್ದರೆ ಬದಲಿಸಿಕೊಳ್ಳುವ ಅವಕಾಶ ಅಲ್ಲಿರುತ್ತದೆ. ಪ್ರಜಾಪ್ರಭುತ್ವಕ್ಕೆ ಇವೆರಡೂ ಬೇಕು. ನಾವು ಮೊದಲನೆಯದನ್ನು ಶ್ರದ್ಧೆಯಿಂದ ಮಾಡುತ್ತ ಬಂದಿದ್ದೇವೆ, ಎರಡನೆಯದನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದೇವೆ.

ಗ್ರಾಮ ಸಭೆ, ವಾರ್ಡ್ ಸಭೆ ಎಂಬುವು ಕಾನೂನಿನಲ್ಲೇ ಇವೆಯಲ್ಲ? ಇದರಲ್ಲಿ ಹೊಸತೇನು?

ಇವೆ, ಮತ್ತು ಅವನ್ನು ಬದಿಗಿಟ್ಟು ಹೊಸದೊಂದನ್ನು ಕಟ್ಟುವ ಅಗತ್ಯವಿಲ್ಲ. ಕರ್ನಾಟಕದ ಮಟ್ಟಿಗೆ ಈ ಪರಂಪರೆ ಸಂವಿಧಾನದ ತಿದ್ದುಪಡಿಗಿಂತಲೂ ಹಳೆಯದು. ಅಬ್ದುಲ್ ನಜೀರ್ ಸಾಬ್ ಅವರು ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ 1983ರ ಪಂಚಾಯತ್ ಕಾಯಿದೆ, ಅದರಡಿ 1987ರಲ್ಲಿ ನಡೆದ ಚುನಾವಣೆ, ಮಹಿಳೆಯರಿಗೆ ಶೇ 25ರ ಮೀಸಲಾತಿ, ಇವೆಲ್ಲ ಮುಂದೆ ದೇಶಕ್ಕೆ ದಾರಿ ತೋರಿಸಿದವು. 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಗ್ರಾಮ ಸಭೆಗೆ ಸಂವಿಧಾನದಲ್ಲೇ ಸ್ಥಾನ ಸಿಕ್ಕಿತು. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಮತ್ತು ಗ್ರಾಮ ಸಭೆ ಕರೆಯಬೇಕೆಂದು ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ.

ಆದರೆ ಸಭೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಹಿಂದಿನ ಸಭೆಯ ನಡಾವಳಿ ಓದಲಾಗುತ್ತದೆ, ಫಲಾನುಭವಿಗಳ ಪಟ್ಟಿ ಓದಲಾಗುತ್ತದೆ, ಇಲಾಖೆಯ ಅಧಿಕಾರಿಗಳು ಸರದಿಯಲ್ಲಿ ಎದ್ದು ಯೋಜನೆಗಳ ಹೆಸರು ಹೇಳಿ ಕುಳಿತುಕೊಳ್ಳುತ್ತಾರೆ. ವಿದ್ಯುತ್ ಕಂಪನಿಯಾದ ಮೆಸ್ಕಾಂ ಅಥವಾ ಅರಣ್ಯ ಇಲಾಖೆಯ ಅಧಿಕಾರಿ ಬಂದಿಲ್ಲವೆಂದು ಗ್ರಾಮಸ್ಥರು ಪಟ್ಟು ಹಿಡಿದು, ಸಭೆಯನ್ನೇ ಮುಂದೂಡಿದ ಸುದ್ದಿ ನಮ್ಮ ಪತ್ರಿಕೆಗಳ ತಾಲ್ಲೂಕು ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಜನ ಅಲ್ಲಿಗೆ ಬರುವುದು ಉತ್ತರ ಪಡೆಯಲು. ಉತ್ತರಿಸಬೇಕಾದವರು ಬಾರದಿದ್ದರೆ ಸಭೆಗೆ ಅರ್ಥವೇ ಇಲ್ಲ. ಆದರೂ ಆ ಸಭೆಯ ಸ್ವರೂಪ ಅಹವಾಲಿನದ್ದೇ ಹೊರತು ಸಂವಾದದ್ದಲ್ಲ. ಎಲ್ಲರೂ ವೇದಿಕೆಯ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ನನ್ನ ಮನೆಯ ರಸ್ತೆ ಮೊದಲೋ ಮೇಲಿನ ಕಾಲೊನಿಯ ನೀರಿನ ಟ್ಯಾಂಕಿ ಮೊದಲೋ ಎಂದು ಪಕ್ಕದವರ ಜತೆ ಕುಳಿತು ಯೋಚಿಸುವ ಸಂದರ್ಭವೇ ಅಲ್ಲಿ ಒದಗುವುದಿಲ್ಲ.

ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ 1996ರಲ್ಲಿ ಆರಂಭವಾದ ಜನಕೀಯ ಯೋಜನೆಯ ಕಾಲದಲ್ಲಿ ಗ್ರಾಮ ಸಭೆಗಳನ್ನು ಕೃಷಿ, ಕುಡಿಯುವ ನೀರು, ಶಿಕ್ಷಣ ಮುಂತಾದ ವಿಷಯಗಳ ಪ್ರಕಾರ ಸಣ್ಣ ಗುಂಪುಗಳಾಗಿ ಒಡೆದು, ಪ್ರತಿ ಗುಂಪಿಗೂ ತರಬೇತಾದ ನಿರ್ವಾಹಕರನ್ನು ಕೊಡಲಾಯಿತು. ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡುವ ನಿರ್ಧಾರ ಅದರ ಬೆನ್ನಿಗಿತ್ತು. ಕುರ್ಚಿಗಳನ್ನು ವೃತ್ತವಾಗಿ ಜೋಡಿಸುವುದರಿಂದಷ್ಟೇ ಏನೂ ಆಗುವುದಿಲ್ಲ, ನಿರ್ಧರಿಸಲು ಕೈಯಲ್ಲಿ ಹಣವೂ ಇರಬೇಕು ಎಂಬುದು ಆ ಅನುಭವದ ಮುಖ್ಯ ಪಾಠ.

ಮಂಗಳೂರು, ಉಡುಪಿಯಂಥ ನಗರಗಳಲ್ಲಿ ಏನು ವ್ಯವಸ್ಥೆ ಇದೆ?

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು 74ನೆಯ ತಿದ್ದುಪಡಿ ಹೇಳುತ್ತದೆ. ಮಂಗಳೂರು ಮಹಾನಗರ ಪಾಲಿಕೆಗೆ 60 ವಾರ್ಡುಗಳಿವೆ. ನಾಗರಿಕರು ಬಹುಕಾಲ ಒತ್ತಾಯಿಸಿದ ನಂತರವೇ ಇಲ್ಲಿ ವಾರ್ಡ್ ಸಮಿತಿಗಳು ರಚನೆಯಾದವು. ಕಾರ್ಪೊರೇಟರ್ ಅಧ್ಯಕ್ಷರಾಗಿರುವ ಈ ಸಮಿತಿಯಲ್ಲಿ ಉಳಿದವರು ನಾಮನಿರ್ದೇಶಿತರು. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ಪಾಲಿಕೆ ಹೋದರೆ ಸಮಿತಿಗೆ ಅಧ್ಯಕ್ಷರೇ ಇಲ್ಲದಂತಾಗುವುದು ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ. ಉಡುಪಿ ನಗರಸಭೆಯ ಜನಸಂಖ್ಯೆ ಆ ಮಿತಿಗಿಂತ ಕಡಿಮೆ ಇರುವುದರಿಂದ ಅಲ್ಲಿ ಸಂವಿಧಾನದ ಆ ಕಡ್ಡಾಯ ಅನ್ವಯಿಸುವುದಿಲ್ಲ. ಹಾಗೆಂದು ನಗರಸಭೆ ತಾನಾಗಿಯೇ ನಾಗರಿಕರನ್ನು ಕೂಡಿಸಿ ಮಾತನಾಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ.

ಚರ್ಚೆಗೆ ನಮ್ಮಲ್ಲಿ ಕೊರತೆ ಇದೆಯೇ? ಟಿವಿಯಲ್ಲಿ, ವಾಟ್ಸಾಪಿನಲ್ಲಿ, ಅಂಗಡಿ ಬೆಂಚಿನ ಮೇಲೆ ದಿನವಿಡೀ ಅದೇ ನಡೆಯುತ್ತದಲ್ಲ?

ವಾದಕ್ಕೆ ಕೊರತೆಯಿಲ್ಲ. ವಾದ ಮಾಡುವವರು ಎದುರಾಳಿಯ ಮಾತಿನಲ್ಲಿ ಬಿರುಕು ಹುಡುಕುತ್ತಾರೆ. ಸಂವಾದಕ್ಕೆ ಕುಳಿತವರು ಆ ಮಾತಿನಲ್ಲಿ ತನಗೆ ದಕ್ಕಬಹುದಾದದ್ದನ್ನು ಹುಡುಕುತ್ತಾರೆ. ಈ ಜಿಲ್ಲೆಗಳವರಿಗೆ ತಾಳಮದ್ದಳೆಯ ಉದಾಹರಣೆಯಿಂದ ಇದನ್ನು ಹೇಳುವುದು ಸುಲಭ. ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ಈ ಯಕ್ಷಗಾನ ಪ್ರಕಾರದಲ್ಲಿ ನಡೆಯುವುದು ವಾದವೇ, ಅದೂ ಹರಿತವಾದ ವಾದ. ಆದರೆ ಇಂದು ಕರ್ಣನ ಅರ್ಥ ಹೇಳಿದ, ಅಂದರೆ ಕರ್ಣನಾಗಿ ಮಾತನಾಡಿದ, ಅರ್ಥಧಾರಿ ನಾಳೆ ಕೃಷ್ಣನ ಅರ್ಥ ಹೇಳಬೇಕಾಗುತ್ತದೆ. ಎರಡೂ ಕಡೆಯ ನ್ಯಾಯ ಮನಸ್ಸಿನಲ್ಲಿ ಇಲ್ಲದವನು ಒಳ್ಳೆಯ ಅರ್ಥಧಾರಿಯಾಗಲಾರ. ಪ್ರೇಕ್ಷಕರೂ ಅಷ್ಟೇ, ಗಂಟೆಗಟ್ಟಲೆ ಕುಳಿತು ಎರಡೂ ಕಡೆಯನ್ನು ಕೇಳುತ್ತಾರೆ, ಪ್ರತಿವಾದಿಯ ಮಾತು ಚೆನ್ನಾಗಿದ್ದರೆ ತಲೆದೂಗುತ್ತಾರೆ. ಇಂಥ ಶ್ರವಣದ ಅಭ್ಯಾಸವಿರುವ ನಾಡಿನಲ್ಲಿ ಸಾರ್ವಜನಿಕ ವಿಷಯ ಬಂದ ಕೂಡಲೇ ಒಂದು ಕಡೆಯ ಮಾತನ್ನು ಮಾತ್ರ ಕೇಳುವ ಸ್ಥಿತಿ ಬಂದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಸಾಮೂಹಿಕ ವಿವೇಕ ಎಂಬುದು ನಿಜವಾಗಿ ಇದೆಯೇ? ಗುಂಪು ಸೇರಿದರೆ ಬುದ್ಧಿ ಕೆಡುವುದನ್ನೇ ನಾವು ಹೆಚ್ಚು ಕಂಡಿದ್ದೇವೆ.

ಎರಡೂ ನಿಜ, ಮತ್ತು ಎರಡಕ್ಕೂ ಕಾರಣಗಳು ಗೊತ್ತಿವೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತನ್ನು ಕಡಿದರೆ ಮಾಂಸದ ತೂಕ ಎಷ್ಟಾದೀತು ಎಂದು ಊಹಿಸುವ ಸ್ಪರ್ಧೆ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಅಲ್ಲಿನ 787 ಚೀಟಿಗಳನ್ನು ತರಿಸಿ ಪರಿಶೀಲಿಸಿದಾಗ, ಎಲ್ಲ ಊಹೆಗಳ ನಟ್ಟನಡುವಿನ ಊಹೆ 1,207 ಪೌಂಡ್ ಆಗಿತ್ತು. ನಿಜವಾದ ತೂಕ 1,198 ಪೌಂಡ್. ಸಾಮಾನ್ಯ ಜನರ ತೀರ್ಮಾನದ ಬಗ್ಗೆ ಅಷ್ಟೇನೂ ಗೌರವವಿರದ ಗಾಲ್ಟನ್ ಅವರೇ 1907ರಲ್ಲಿ ಇದನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 1785ರಲ್ಲಿ, ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ ಇದರ ಗಣಿತವನ್ನು ಬರೆದಿಟ್ಟಿದ್ದರು: ಪ್ರತಿಯೊಬ್ಬರೂ ತಪ್ಪುವುದಕ್ಕಿಂತ ಸರಿಹೋಗುವ ಸಾಧ್ಯತೆ ಸ್ವಲ್ಪ ಹೆಚ್ಚಿದ್ದು, ಅವರು ಸ್ವತಂತ್ರವಾಗಿ ಯೋಚಿಸಿದರೆ, ಜನರ ಸಂಖ್ಯೆ ಹೆಚ್ಚಿದಂತೆ ಬಹುಮತದ ತೀರ್ಮಾನ ಸರಿಯಾಗುವ ಸಾಧ್ಯತೆ ಏರುತ್ತ ಹೋಗುತ್ತದೆ. ಸಾಧ್ಯತೆ ಅರ್ಧಕ್ಕಿಂತ ಕಡಿಮೆಯಿದ್ದರೆ ಅದೇ ಗಣಿತ ತಿರುಗಿ ಬೀಳುತ್ತದೆ. ಜನ ಹೆಚ್ಚಿದಷ್ಟೂ ತಪ್ಪು ಗಟ್ಟಿಯಾಗುತ್ತದೆ. ಸುಳ್ಳು ಸುದ್ದಿ ಹಬ್ಬಿದ ಊರಿನಲ್ಲಿ ಆಗುವುದು ಇದೇ.

ಊಹೆಯ ಸರಾಸರಿಯೊಂದೇ ವಿವೇಕವಲ್ಲ. ಸಂವಾದದಲ್ಲಿ ಕೆಲಸ ಮಾಡುವುದು ಬೇರೆ ಬೇರೆ ಕಡೆ ಚದುರಿರುವ ತಿಳಿವಳಿಕೆ. ಮಲ್ಪೆಯ ಮೀನುಗಾರಿಕೆಯ ವಿಷಯವನ್ನೇ ತೆಗೆದುಕೊಳ್ಳಿ. ಮರಿಮೀನು ಯಾವ ಬಲೆಗೆ ಎಷ್ಟು ಬೀಳುತ್ತದೆಂದು ಟ್ರಾಲ್ ಬೋಟ್ ನಡೆಸುವ ತಂಡೇಲರಿಗೆ ಗೊತ್ತು. ದಡದ ಸಮೀಪ ಮೀನು ಕಡಿಮೆಯಾದದ್ದು ನಾಡದೋಣಿಯವರಿಗೆ ಗೊತ್ತು. ಮೀನಿನ ಗಾತ್ರ ಇಳಿದದ್ದನ್ನು ಎಲ್ಲರಿಗಿಂತ ಮೊದಲು ಗಮನಿಸುವವರು ಬುಟ್ಟಿ ಹೊತ್ತು ಮಾರುವ ಮಹಿಳೆಯರು. ಸಂತಾನೋತ್ಪತ್ತಿಯ ಕಾಲದ ಲೆಕ್ಕ ವಿಜ್ಞಾನಿಗಳ ಬಳಿ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಾಗಲಿ, ದೀಪದ ಬೆಳಕಿನಿಂದ ಮೀನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಗೆ 2017ರಲ್ಲಿ ಬಂದ ನಿಷೇಧವಾಗಲಿ ಆದೇಶವಾಗಿ ಮೇಲಿನಿಂದ ಬಂದವು. ಇವುಗಳ ಪಾಲನೆಯ ಬಗ್ಗೆ ಪ್ರತಿ ವರ್ಷ ಜಗಳ ಏಳುವಾಗ, ಮೇಲೆ ಹೇಳಿದ ನಾಲ್ಕೂ ಕಡೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸಿ ತಮಗೆ ತಿಳಿದದ್ದನ್ನು ಹೇಳಿಸುವುದು ಎಷ್ಟು ಅಗತ್ಯವೆಂದು ಅರಿವಾಗುತ್ತದೆ. ನಾಲ್ವರಲ್ಲಿ ಯಾರೊಬ್ಬರ ಬಳಿಯೂ ಇಡೀ ಚಿತ್ರವಿಲ್ಲ.

ಭಾಗವಹಿಸುವವರನ್ನು ಚೀಟಿ ಎತ್ತಿ ಆರಿಸಬೇಕೆಂದು ಹೇಳುತ್ತೀರಿ. ಇದು ಗಂಭೀರ ವಿಷಯಕ್ಕೆ ಹೊಂದುವ ಮಾರ್ಗವೇ?

ಬಾಗಿಲು ತೆರೆದಿಟ್ಟು ಬನ್ನಿ ಎಂದರೆ ಬರುವವರು ಯಾರೆಂದು ನಮಗೆಲ್ಲ ಗೊತ್ತು: ಸಮಯವಿರುವವರು, ಮಾತು ಬಲ್ಲವರು, ಪಕ್ಷದವರು, ಆ ವಿಷಯದಲ್ಲಿ ನೇರ ಲಾಭ ಅಥವಾ ನಷ್ಟವಿರುವವರು. ನಾಮನಿರ್ದೇಶನ ಮಾಡಿದರೆ ಮಾಡುವವರಿಗೆ ಬೇಕಾದವರು ಬರುತ್ತಾರೆ. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ, ವಯಸ್ಸು, ಲಿಂಗ, ವಾಸಸ್ಥಳ, ಉದ್ಯೋಗಗಳ ಪ್ರಮಾಣ ಊರಿನಂತೆಯೇ ಇರುವ ಹಾಗೆ ಹೊಂದಿಸಿದರೆ, ಊರಿನ ಒಂದು ಸಣ್ಣ ಪ್ರತಿರೂಪ ಸಭೆಯಲ್ಲಿ ಕುಳಿತಿರುತ್ತದೆ. ಅವರಿಗೆ ಮುಂದಿನ ಚುನಾವಣೆಯ ಚಿಂತೆಯಿಲ್ಲ, ಯಾರ ಋಣವೂ ಇಲ್ಲ.

ಪ್ರಾಚೀನ ಅಥೆನ್ಸಿನ ಐನೂರು ಸದಸ್ಯರ ಸಭೆ ಹೀಗೆಯೇ ರಚನೆಯಾಗುತ್ತಿತ್ತು. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ, ಕ್ರಿ.ಶ. 920ರ ಆಸುಪಾಸಿನ ಚೋಳ ಪರಾಂತಕನ ಕಾಲದ ಶಾಸನಗಳು ಗ್ರಾಮದ 30 ವಿಭಾಗಗಳಿಂದ ಅರ್ಹರ ಹೆಸರುಗಳನ್ನು ಓಲೆಯಲ್ಲಿ ಬರೆದು, ಮಡಕೆಯಲ್ಲಿ ಹಾಕಿ, ಚಿಕ್ಕ ಹುಡುಗನೊಬ್ಬನಿಂದ ಎತ್ತಿಸುವ ಕ್ರಮವನ್ನು ವಿವರವಾಗಿ ಹೇಳುತ್ತವೆ. ಈ ಶಾಸನವನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು: ಅರ್ಹರಾಗಲು ಭೂಮಿ ಬೇಕಿತ್ತು, ವೇದದ ಓದು ಬೇಕಿತ್ತು; ಹೆಣ್ಣುಮಕ್ಕಳಿಗೂ ದುಡಿಯುವ ಜಾತಿಗಳಿಗೂ ಆ ಮಡಕೆಯಲ್ಲಿ ಓಲೆ ಇರಲಿಲ್ಲ. ಕ್ರಮವನ್ನು ಉಳಿಸಿಕೊಂಡು ಓಲೆಗಳನ್ನು ಎಲ್ಲರಿಗೂ ವಿಸ್ತರಿಸುವುದು ನಮ್ಮ ಕಾಲದ ಕೆಲಸ.

ಬೇರೆ ಕಡೆಗಳಲ್ಲಿ ಇದರಿಂದ ಏನಾದರೂ ಫಲ ಸಿಕ್ಕಿದೆಯೇ?

ಐರ್ಲೆಂಡಿನ ಉದಾಹರಣೆ ಎಲ್ಲಕ್ಕಿಂತ ಹೆಚ್ಚು ಪರಿಚಿತ. ಗರ್ಭಪಾತದ ಕಾನೂನು ಅಲ್ಲಿ ದಶಕಗಳ ಕಾಲ ಯಾವ ಪಕ್ಷವೂ ಮುಟ್ಟಲು ಹೆದರುತ್ತಿದ್ದ ವಿಷಯ. ಚೀಟಿಯ ಮೂಲಕ ಆಯ್ಕೆಯಾದ 99 ನಾಗರಿಕರು, ನ್ಯಾಯಮೂರ್ತಿ ಮೇರಿ ಲಾಫೊಯ್ ಅವರ ಅಧ್ಯಕ್ಷತೆಯಲ್ಲಿ, 2016ರ ಕೊನೆಯಿಂದ 2017ರ ಏಪ್ರಿಲಿನವರೆಗೆ ಐದು ವಾರಾಂತ್ಯಗಳಲ್ಲಿ ವೈದ್ಯರು, ಕಾನೂನು ತಜ್ಞರು, ಎರಡೂ ನಿಲುವಿನ ಸಂಘಟನೆಗಳು ಮತ್ತು ಸ್ವತಃ ಅನುಭವಿಸಿದ ಮಹಿಳೆಯರ ಮಾತುಗಳನ್ನು ಕೇಳಿ ಶಿಫಾರಸು ಕೊಟ್ಟರು. ಸಂಸತ್ತು ಅದನ್ನು ಚರ್ಚಿಸಿತು, 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಜನ ಬದಲಾವಣೆಗೆ ಒಪ್ಪಿದರು. ಆ ತೀರ್ಮಾನವನ್ನು ಮೆಚ್ಚುವುದು ಬಿಡುವುದು ಬೇರೆ ವಿಷಯ. ದೇಶವನ್ನು ಒಡೆಯಬಹುದಾಗಿದ್ದ ಪ್ರಶ್ನೆಯೊಂದನ್ನು ಅಪರಿಚಿತರು ಸಮಾಧಾನದಿಂದ ಕುಳಿತು ಮಾತನಾಡಬಲ್ಲರು ಎಂಬುದು ಅಲ್ಲಿ ಸಾಬೀತಾಯಿತು.

ಸೋತ ಉದಾಹರಣೆಗಳೂ ಅಷ್ಟೇ ಮುಖ್ಯ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2004ರಲ್ಲಿ 160 ನಾಗರಿಕರು ಹೊಸ ಚುನಾವಣಾ ಪದ್ಧತಿಯನ್ನು ರೂಪಿಸಿದರು. 2005ರ ಜನಮತಗಣನೆಯಲ್ಲಿ ಶೇ 57ಕ್ಕಿಂತ ಹೆಚ್ಚು ಜನ ಒಪ್ಪಿದರೂ, ಶೇ 60 ಬೇಕೆಂಬ ನಿಯಮದಿಂದಾಗಿ ಅದು ಬಿದ್ದುಹೋಯಿತು. ಫ್ರಾನ್ಸಿನಲ್ಲಿ 2019-20ರಲ್ಲಿ ಹವಾಮಾನದ ಬಗ್ಗೆ 150 ನಾಗರಿಕರು ಕೊಟ್ಟ ಶಿಫಾರಸುಗಳನ್ನು ಯಾವ ಜರಡಿಯೂ ಇಲ್ಲದೆ ಮುಂದಿಡುವುದಾಗಿ ಅಧ್ಯಕ್ಷ ಮ್ಯಾಕ್ರೋನ್ ಹೇಳಿದ್ದರು. ಕೊನೆಗೆ ಅನೇಕವು ತೆಳುವಾದವು, ಭಾಗವಹಿಸಿದವರು ಬಹಿರಂಗವಾಗಿಯೇ ಬೇಸರ ವ್ಯಕ್ತಪಡಿಸಿದರು. ಐರ್ಲೆಂಡಿನಲ್ಲೇ 2024ರ ಮಾರ್ಚ್ 8ರಂದು ಕುಟುಂಬ ಮತ್ತು ಆರೈಕೆಯ ಬಗೆಗಿನ ಎರಡು ತಿದ್ದುಪಡಿಗಳನ್ನು ಜನ ತಿರಸ್ಕರಿಸಿದರು; ನಾಗರಿಕ ಸಭೆ ಹೇಳಿದ ಪದಗಳಿಗೂ ಸರಕಾರ ಜನರ ಮುಂದಿಟ್ಟ ಪದಗಳಿಗೂ ವ್ಯತ್ಯಾಸವಿತ್ತು.

ನನ್ನ ದೃಷ್ಟಿಯಲ್ಲಿ ನಾವು ಹೆಚ್ಚು ಗಮನಿಸಬೇಕಾದದ್ದು ಬೆಲ್ಜಿಯಂನ ಪೂರ್ವ ಭಾಗದ, 80 ಸಾವಿರಕ್ಕೂ ಕಡಿಮೆ ಜನರಿರುವ ಜರ್ಮನ್ ಭಾಷಿಕ ಪ್ರದೇಶವನ್ನು. ಅಲ್ಲಿ 2019ರಲ್ಲಿ ನಾಗರಿಕ ಪರಿಷತ್ತನ್ನು ಕಾಯಂ ಆಗಿ ಸ್ಥಾಪಿಸಿದರು. ಶಿಫಾರಸನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಅಲ್ಲಿನ ಶಾಸನಸಭೆಗಿಲ್ಲ, ಆದರೆ ಒಪ್ಪದಿದ್ದರೆ ಏಕೆ ಎಂಬುದಕ್ಕೆ ಕಾರಣ ಕೊಡಬೇಕು.

ಆ ಕಾರಣ ಕೊಡುವ ನಿಯಮಕ್ಕೆ ಅಷ್ಟೊಂದು ಮಹತ್ವ ಏಕೆ?

ಏಕೆಂದರೆ ನಮ್ಮ ಸಭೆಗಳೆಲ್ಲ ಸೊರಗಿರುವುದು ಅದರ ಅಭಾವದಿಂದ. ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ನೀಡುವ ಮುನ್ನ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಮೂವತ್ತು ದಿನಗಳ ಮುಂಚಿತ ಸೂಚನೆ, ಸ್ಥಳೀಯ ಭಾಷೆಯಲ್ಲಿ ಸಾರಾಂಶ, ವೀಡಿಯೊ ಚಿತ್ರೀಕರಣ ಎಲ್ಲವೂ ಕಡ್ಡಾಯ. ಕರಾವಳಿಯ ಜನ ಇಂಥ ಸಭೆಗಳಿಗೆ ಹೋಗಿ, ಬಿಸಿಲಿನಲ್ಲಿ ನಿಂತು, ತಮ್ಮ ಬಾವಿಯ ನೀರಿನ ಬಗ್ಗೆ, ಗದ್ದೆಯ ಬಗ್ಗೆ ಹೇಳಿ ಬಂದಿದ್ದಾರೆ. ಹೇಳಿದ್ದು ದಾಖಲಾಗುತ್ತದೆ, ವರದಿ ಮೇಲಕ್ಕೆ ಹೋಗುತ್ತದೆ. ಹೇಳಿದವರ ಮನೆಗೆ ಮಾತ್ರ ಉತ್ತರ ಬರುವುದಿಲ್ಲ. ಹೀಗೆ ಎರಡು ಸಲ ಆದ ಮೇಲೆ ಮೂರನೆಯ ಸಲ ಯಾರು ಬರುತ್ತಾರೆ? ಜನರಿಗೆ ಆಸಕ್ತಿಯಿಲ್ಲ ಎಂದು ಅಧಿಕಾರಿಗಳು ಹೇಳುವುದುಂಟು. ಉತ್ತರ ಸಿಗದ ಕಡೆ ಆಸಕ್ತಿ ಉಳಿಯುವುದಿಲ್ಲ ಎಂಬುದು ಅದರ ಪೂರ್ಣ ರೂಪ.

ಆದ್ದರಿಂದ ಯಾವುದೇ ನಾಗರಿಕ ಸಂವಾದಕ್ಕೆ ಮೊದಲು ಆಗಬೇಕಾದ ಒಪ್ಪಂದ ಇದು: ಶಿಫಾರಸು ತಲುಪಿದ ನಿರ್ದಿಷ್ಟ ಅವಧಿಯೊಳಗೆ, ಪ್ರತಿಯೊಂದಕ್ಕೂ, ಒಪ್ಪಿದ್ದೇವೆ, ಭಾಗಶಃ ಒಪ್ಪಿದ್ದೇವೆ ಅಥವಾ ಒಪ್ಪುವುದಿಲ್ಲ ಎಂದು ಕಾರಣಸಹಿತ ಲಿಖಿತ ಉತ್ತರವನ್ನು ಪಂಚಾಯತ್ ಅಥವಾ ಪಾಲಿಕೆ ಕೊಡಬೇಕು, ಅದನ್ನು ಸಾರ್ವಜನಿಕವಾಗಿ ಓದಬೇಕು. ಇದಕ್ಕೆ ಒಪ್ಪದ ಸಂಸ್ಥೆಯ ಜತೆ ಸಂವಾದ ನಡೆಸದಿರುವುದೇ ಮೇಲು.

ಇದರಿಂದ ಚುನಾಯಿತ ಪ್ರತಿನಿಧಿಗಳ ಅಧಿಕಾರ ಮೊಟಕಾಗುವುದಿಲ್ಲವೇ?

ಇಲ್ಲ. ತೀರ್ಮಾನ ಅವರದ್ದೇ, ಹೊಣೆಯೂ ಅವರದ್ದೇ. ಕಠಿಣ ನಿರ್ಧಾರ ತೆಗೆದುಕೊಳ್ಳಬೇಕಾದ ಪ್ರತಿನಿಧಿಗೆ, ಊರಿನವರೇ ಎಲ್ಲ ಮಗ್ಗುಲನ್ನೂ ನೋಡಿ ಹೀಗೆ ಹೇಳಿದ್ದಾರೆ ಎಂಬ ಬೆಂಬಲ ಸಿಗುತ್ತದೆ. ಇದನ್ನು ಮೊದಲು ಅರ್ಥಮಾಡಿಕೊಳ್ಳುವವರು ಸಾಮಾನ್ಯವಾಗಿ ಮೊದಲ ಸಲ ಗೆದ್ದ ಪಂಚಾಯತ್ ಸದಸ್ಯರು, ಅದರಲ್ಲೂ ಮಹಿಳೆಯರು.

ತಾಂತ್ರಿಕ ವಿಷಯಗಳನ್ನು ತಜ್ಞರಿಗೆ ಬಿಡುವುದು ಒಳ್ಳೆಯದಲ್ಲವೇ?

ಪಶ್ಚಿಮ ಘಟ್ಟದ ಸಂರಕ್ಷಣೆಯ ಬಗೆಗಿನ ವರದಿಗಳ ಕಥೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿ ಮಾಹಿತಿ ಹಕ್ಕಿನ ಹೋರಾಟದ ನಂತರ, 2012ರ ಮೇ ತಿಂಗಳಲ್ಲಷ್ಟೇ ಬಹಿರಂಗವಾಯಿತು. ಗ್ರಾಮ ಸಭೆಗಳೊಂದಿಗೆ ಚರ್ಚಿಸಿಯೇ ಅಂತಿಮ ತೀರ್ಮಾನಕ್ಕೆ ಬರಬೇಕೆಂಬುದು ಆ ವರದಿಯ ಆಶಯವಾಗಿತ್ತು. ಅದನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂತು. ಬೆಳ್ತಂಗಡಿ, ಸುಳ್ಯ, ಕಾರ್ಕಳ, ಕುಂದಾಪುರದ ಕಡೆ ಜನರಿಗೆ ತಲುಪಿದ್ದು ವರದಿಯ ಒಳಗಿನ ಮಾತಿಗಿಂತ ಮೊದಲು ಅದರ ಬಗೆಗಿನ ಭಯ: ಅಡಿಕೆ ತೋಟ ಬಿಡಬೇಕಂತೆ, ಮನೆ ಕಟ್ಟುವಂತಿಲ್ಲವಂತೆ. ಒಳ್ಳೆಯ ವಿಜ್ಞಾನವೊಂದು ಜನರ ಬಳಿಗೆ ಅವರ ಭಾಷೆಯಲ್ಲಿ, ಪ್ರಶ್ನೆ ಕೇಳಲು ಸಮಯ ಕೊಟ್ಟು ಹೋಗದಿದ್ದರೆ ಅದರ ಜಾಗವನ್ನು ಅಂತೆಕಂತೆಗಳು ತುಂಬುತ್ತವೆ.

ತಜ್ಞರು ಬೇಕೇ ಬೇಕು. ಆದರೆ ಅವರ ಸ್ಥಾನ ಸಾಕ್ಷಿಯದ್ದು. ಭಿನ್ನ ಅಭಿಪ್ರಾಯದ ತಜ್ಞರನ್ನು ಕರೆಯುವ, ಅವರನ್ನು ಮರುಪ್ರಶ್ನಿಸುವ ಹಕ್ಕು ನಾಗರಿಕರಿಗೆ ಇರಬೇಕು. ಭೂಕುಸಿತದ ಅಪಾಯ ಎಷ್ಟೆಂದು ಭೂವಿಜ್ಞಾನಿ ಹೇಳಬಲ್ಲರು. ಆ ಅಪಾಯವನ್ನು ಹೊತ್ತು ಅಲ್ಲೇ ಬದುಕಬೇಕೋ, ಬಿಟ್ಟು ಬರಲು ಯಾವ ಪರಿಹಾರ ನ್ಯಾಯವಾದದ್ದು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ.

ಸಭೆಗೆ ಬಾರದವರ, ಬರಲಾಗದವರ ಗತಿ ಏನು?

ಸ್ಥಳೀಯವಾದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆಯಿಂದ ಆರಂಭಿಸಬಾರದು. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ ಡಾ. ಅಂಬೇಡ್ಕರ್ ಅವರು ಹಳ್ಳಿಯನ್ನು ಸಂಕುಚಿತತೆಯ ತಾಣವೆಂದು ಕರೆದಾಗ, ಊರಿನ ಕಟ್ಟೆಯ ಮೇಲೆ ಕೂರುವ ಅವಕಾಶವೇ ಇಲ್ಲದವರ ಕಡೆಯಿಂದ ಅವರು ನೋಡುತ್ತಿದ್ದರು. ನಮ್ಮ ಜಿಲ್ಲೆಗಳಲ್ಲಿ ಕೊರಗ ಬುಡಕಟ್ಟಿನವರನ್ನು ಊರು ಎಲ್ಲಿ ನಿಲ್ಲಿಸಿತ್ತು ಎಂಬುದನ್ನು ನೆನೆದರೆ ಆ ಮಾತಿನ ತೂಕ ಅರಿವಾಗುತ್ತದೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಎದುರಿಸಿದ ಬಹಿಷ್ಕಾರವೂ ಊರಿನ ಒಮ್ಮತದ್ದೇ ಆಗಿತ್ತು. ಒಮ್ಮತ ಎಂದ ಮಾತ್ರಕ್ಕೆ ನ್ಯಾಯವಲ್ಲ.

ಹಾಗಾಗಿ ಸಭೆಯ ರಚನೆಯಲ್ಲೇ ಇದಕ್ಕೆ ಏರ್ಪಾಡು ಬೇಕು. ದಿನಗೂಲಿ ಕಳೆದುಕೊಂಡು ಬರುವವರಿಗೆ ಭತ್ಯೆ ಕೊಡಬೇಕು. ಬೀಡಿ ಕಟ್ಟುವ ಮಹಿಳೆಯರಿಗೆ, ಮೀನು ಮಾರುವವರಿಗೆ ಹೊಂದುವ ಹೊತ್ತಿನಲ್ಲಿ ಸಭೆ ನಡೆಸಬೇಕು. ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ಮತದಾರರ ಪಟ್ಟಿಯಲ್ಲಿ ಇಲ್ಲದ, ಉತ್ತರ ಕರ್ನಾಟಕದಿಂದ ಮತ್ತು ದೂರದ ರಾಜ್ಯಗಳಿಂದ ಬಂದು ಇಲ್ಲಿ ಕಟ್ಟಡ ಕಟ್ಟುವ, ದೋಣಿಗಳಲ್ಲಿ ದುಡಿಯುವ ಕಾರ್ಮಿಕರಿಗೆ ಬೇರೆಯಾಗಿ ಸ್ಥಾನ ಕಾದಿರಿಸಬೇಕು. ಭಾಷೆಯ ವಿಷಯದಲ್ಲಿ ಉದಾರವಾಗಿರಬೇಕು: ದಾಖಲೆ ಕನ್ನಡದಲ್ಲಿರಲಿ, ಮಾತು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಕುಂದಾಪುರದ ಕನ್ನಡದಲ್ಲಿ ಬರಲಿ. ಮನೆಯ ಭಾಷೆಯಲ್ಲಿ ಸ್ಪಷ್ಟವಾಗಿ ಮಾತನಾಡುವ ಹಿರಿಯರು ಮೈಕಿನ ಮುಂದೆ ಪುಸ್ತಕದ ಕನ್ನಡ ಹುಡುಕುತ್ತ ತಡವರಿಸಿ, ಸಾಕೆಂದು ಕೂತುಬಿಡುವುದನ್ನು ಕಂಡವರಿಗೆ ಇದರ ಅಗತ್ಯ ವಿವರಿಸಬೇಕಿಲ್ಲ.

ಮಕ್ಕಳಿಗೆ ಇದರಲ್ಲಿ ಪಾತ್ರವಿದೆಯೇ?

ಇದರಲ್ಲಿ ನಮ್ಮ ನೆಲವೇ ರಾಜ್ಯಕ್ಕೆ ಪಾಠ ಹೇಳಿದೆ. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್‌ಗಳು ಹುಟ್ಟಿಕೊಂಡು, ಶಾಲೆಗೆ ಹೋಗುವ ಮತ್ತು ದುಡಿಯುವ ಮಕ್ಕಳು ತಮ್ಮ ಸಮಸ್ಯೆಗಳನ್ನು ತಾವೇ ಪಟ್ಟಿಮಾಡಿ ಪಂಚಾಯತ್ ಮುಂದಿಡುವ ಕ್ರಮ ಬೆಳೆಯಿತು. 2006ರಲ್ಲಿ ರಾಜ್ಯ ಸರಕಾರ ಎಲ್ಲ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವಂತೆ ಸುತ್ತೋಲೆ ಹೊರಡಿಸಿತು. ಮಳೆಗಾಲದಲ್ಲಿ ತೋಡು ದಾಟುವ ಕಾಲುಸಂಕದ ಅಪಾಯ ದೊಡ್ಡವರಿಗೆ ರೂಢಿಯಾಗಿ ಕಾಣದೇ ಹೋಗುತ್ತದೆ. ದಿನಾ ಅದರ ಮೇಲೆ ನಡೆಯುವ ಮಗುವಿಗೆ ಕಾಣುತ್ತದೆ.

ಕೋಮು ಉದ್ವಿಗ್ನತೆ ಇರುವ ಕರಾವಳಿಯಲ್ಲಿ ಸಂವಾದ ಸಾಧ್ಯವೇ?

ಕಷ್ಟ, ಆದರೆ ಬೇರೆಲ್ಲಕ್ಕಿಂತ ಇಲ್ಲಿಯೇ ಹೆಚ್ಚು ಬೇಕು. ಅಹಿತಕರ ಘಟನೆಯ ನಂತರ ಜಿಲ್ಲಾಡಳಿತ ಕರೆಯುವ ಶಾಂತಿ ಸಭೆಗೆ ಆಯಾ ಸಮುದಾಯದ ಮುಖಂಡರು ಬರುತ್ತಾರೆ. ಆ ಸಭೆಗೆ ಅದರದ್ದೇ ಉಪಯೋಗವಿದೆ; ಬೆಂಕಿ ಆರಿಸುವ ಕೆಲಸ ತುರ್ತಿನದ್ದು. ಆದರೆ ಅಲ್ಲಿ ಪ್ರತಿಯೊಬ್ಬರೂ ತಮ್ಮ ಸಮುದಾಯದ ವಕ್ತಾರರಾಗಿಯೇ ಮಾತನಾಡಬೇಕಾಗುತ್ತದೆ, ಒಂದು ಹೆಜ್ಜೆ ಹಿಂದೆ ಸರಿದರೂ ತಮ್ಮವರಿಗೆ ಉತ್ತರ ಹೇಳಬೇಕಾಗುತ್ತದೆ. ನಾಗರಿಕ ಸಂವಾದಕ್ಕೆ ಕರೆಯುವುದು ಒಂದೇ ವಾರ್ಡಿನ ನಿವಾಸಿಗಳನ್ನು, ಒಂದೇ ನಲ್ಲಿಯ ನೀರು ಕುಡಿಯುವವರನ್ನು. ಧರ್ಮದ ವಿಷಯದಿಂದ ಮಾತು ಆರಂಭಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕಸ, ನೀರು, ಬಸ್ಸು, ಶಾಲೆಯ ಬಗ್ಗೆ ಜತೆಗೆ ಕುಳಿತು ಒಂದು ಕೆಲಸ ಮುಗಿಸಿದವರ ನಡುವೆ ಮುಂದೊಂದು ದಿನ ಕಷ್ಟದ ಮಾತಿಗೂ ದಾರಿಯಾಗುತ್ತದೆ. ಆ ದಿನ ಬಂದಾಗ ಅದನ್ನು ತಪ್ಪಿಸಿಕೊಳ್ಳಬಾರದು.

ವಿಷಯ ಜಿಲ್ಲೆಯ ಗಡಿ ದಾಟಿದರೆ?

ನೇತ್ರಾವತಿಗೆ ಸೇರುವ ಹಳ್ಳಗಳ ನೀರನ್ನು ಪೂರ್ವದ ಬರದ ಜಿಲ್ಲೆಗಳಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆ ಇದಕ್ಕೆ ತಕ್ಕ ನಿದರ್ಶನ. ನೇತ್ರಾವತಿಯ ಕಣಿವೆಯ ಜನ ತಮ್ಮ ನದಿಯ ಬಗ್ಗೆ ಆತಂಕಪಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಜನ ಬತ್ತಿದ ಕೊಳವೆಬಾವಿಗಳ ನಡುವೆ ನೀರಿಗಾಗಿ ಕಾಯುತ್ತಾರೆ. ಎರಡೂ ಕಡೆಯ ಸಾಮಾನ್ಯ ಜನರನ್ನು ಒಂದೇ ಕಡೆ ಕೂರಿಸಿ, ಎಷ್ಟು ನೀರು ನಿಜವಾಗಿ ಸಿಗುತ್ತದೆ, ಅಲ್ಲಿನ ಕೆರೆಗಳ ಪುನಶ್ಚೇತನದಿಂದ ಎಷ್ಟಾಗಬಹುದು ಎಂಬುದನ್ನು ಒಟ್ಟಾಗಿ ಪರಿಶೀಲಿಸುವ ಅವಕಾಶ ಯಾರೂ ಕಲ್ಪಿಸಲಿಲ್ಲ. ಇಂಥ ಸಂವಾದವನ್ನು ರಾಜ್ಯ ಮಟ್ಟದಲ್ಲೇ ಕರೆಯಬೇಕು. ಒಂದು ಜಿಲ್ಲೆಯವರು ಮಾತ್ರ ಕುಳಿತರೆ ಅದು ಪ್ರತಿಭಟನೆಯ ಸಿದ್ಧತೆಯಾದೀತು.

ನಮ್ಮ ಊರಿನಲ್ಲಿ ಆರಂಭಿಸುವುದಾದರೆ ಯಾವ ವಿಷಯ, ಎಷ್ಟು ಜನ, ಎಷ್ಟು ಸಮಯ?

ನಿಜವಾದ ಆಯ್ಕೆ ಇರುವ, ಸ್ಥಳೀಯ ಸಂಸ್ಥೆಯ ಅಧಿಕಾರದೊಳಗಿನ ಒಂದೇ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ. ಕಸದ ವಿಲೇವಾರಿ ಮಂಗಳೂರಿಗೆ ಅಂಥ ವಿಷಯ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ತ್ಯಾಜ್ಯದ ರಾಶಿ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಹರಿದಾಗ ಇಡೀ ನಗರದ ಕಸದ ಭಾರವನ್ನು ಒಂದು ಊರು ಹೊತ್ತಿತು. ಪ್ರಶ್ನೆಯನ್ನು ಹೌದು-ಅಲ್ಲ ಎಂಬಂತೆ ಇಡದೆ, "ನಮ್ಮ ವಾರ್ಡಿನ ಹಸಿ ಕಸವನ್ನು ವಾರ್ಡಿನೊಳಗೇ ನಿರ್ವಹಿಸಲು ಯಾವ ವ್ಯವಸ್ಥೆ, ಯಾರ ಖರ್ಚಿನಲ್ಲಿ, ಯಾವ ಜಾಗದಲ್ಲಿ?" ಎಂದು ಇಡಬೇಕು.

ಒಂದು ವಾರ್ಡಿಗೆ ಅಥವಾ ಗ್ರಾಮಕ್ಕೆ ಇಪ್ಪತ್ತೈದು ಮೂವತ್ತು ಜನ ಸಾಕು. ಮತದಾರರ ಪಟ್ಟಿಯ ಎಲ್ಲ ಭಾಗಗಳಿಂದ ಹೆಸರುಗಳನ್ನು ಜನರ ಎದುರಿನಲ್ಲೇ ಎತ್ತಬೇಕು; ಆಹ್ವಾನಿಸಿದವರಲ್ಲಿ ಅನೇಕರು ಒಲ್ಲೆ ಎನ್ನುವುದರಿಂದ ಬೇಕಾದುದಕ್ಕಿಂತ ಹಲವು ಪಟ್ಟು ಹೆಸರು ಎತ್ತಿಟ್ಟುಕೊಳ್ಳಬೇಕು. ಪತ್ರ ಕಳಿಸಿ ಸುಮ್ಮನಾಗದೆ ಮನೆಗೆ ಹೋಗಿ ಕರೆಯಬೇಕು. ವಾರದ ಅಂತರದಲ್ಲಿ ಮೂರು ನಾಲ್ಕು ಭಾನುವಾರಗಳು ಬೇಕಾಗುತ್ತವೆ: ಮೊದಲ ದಿನ ವಿಷಯ ತಿಳಿಯಲು ಮತ್ತು ಸ್ಥಳ ನೋಡಲು, ಎರಡನೆಯ ದಿನ ತಜ್ಞರನ್ನೂ ಪೌರಕಾರ್ಮಿಕರನ್ನೂ ಪ್ರಶ್ನಿಸಲು, ಉಳಿದದ್ದು ತಮ್ಮತಮ್ಮೊಳಗೆ ಮಾತನಾಡಿ ಶಿಫಾರಸು ಬರೆಯಲು. ಐದಾರು ಜನರ ಗುಂಪುಗಳಲ್ಲಿ ಮಾತು ನಡೆಯಲಿ, ಪ್ರತಿ ಗುಂಪಿಗೆ ಊರಿನ ರಾಜಕೀಯದಲ್ಲಿ ಇಲ್ಲದ ನಿರ್ವಾಹಕರಿರಲಿ. ಹತ್ತಿರದ ಕಾಲೇಜಿನ ಸಮಾಜಕಾರ್ಯ ವಿಭಾಗದ ಅಧ್ಯಾಪಕರನ್ನು ಕೇಳಬಹುದು. ಭಿನ್ನಮತ ಉಳಿದರೆ ಅದನ್ನೂ ಎಷ್ಟು ಜನರದ್ದು ಎಂಬ ವಿವರದೊಂದಿಗೆ ವರದಿಯಲ್ಲಿ ಬರೆಯಬೇಕು, ಒಮ್ಮತದ ತೋರಿಕೆಗಾಗಿ ಮುಚ್ಚಿಡಬಾರದು.

ಗ್ರಾಮೀಣ ಭಾಗದಲ್ಲಿ ಮುಂದಿನ ಗ್ರಾಮ ಸಭೆಗೆ ಎರಡು ತಿಂಗಳು ಮೊದಲು ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರಿಗೆ ಲಿಖಿತ ಮನವಿ ಕೊಟ್ಟು, ಈ ಗುಂಪಿನ ವರದಿಯನ್ನು ಕಾರ್ಯಸೂಚಿಯಲ್ಲಿ ಸೇರಿಸಲು ಮತ್ತು ಅದರ ಮುಂದಿನ ಸಭೆಯಲ್ಲಿ ಲಿಖಿತ ಉತ್ತರ ಓದಲು ನಿರ್ಣಯ ಪಡೆಯಬೇಕು. ನಿರ್ಣಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ಅಂದೇ ನೋಡಿ, ಅದರ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.